ಕೈತಾನ ಬಿಚ್ಚಿದ ಕಟ್ಟು

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಹಲ್ಲು ಮೂಡದ ಕಾಲದಲ್ಲಿ, ಹೊಳೆ ಕಡಲು ಸೇರುವ ಒಂದೂರಿನಲ್ಲಿ ಒಂದು ಇಗರ್ಜಿ ಇತ್ತಂತೆ. ಅದರ ಗಂಟೆ ಹೊಡೆಯುವವನು ಕೈತಾನ. ಪಾದ್ರಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಕೈತಾನ ಮಾತ್ರ ಅಲ್ಲೇ. ಅವನು ಹಗ್ಗ ಜಗ್ಗಿದರೆ ಏಳೂರು ಎದ್ದು ಕೂರುತ್ತಿತ್ತಂತೆ. ಮೂಗಿನ ತುದಿಯಲ್ಲಿ ಕೋಪ, ಮೈತುಂಬ ಜಂಬ. ಬೇರೆಯವರು ಆ ಹಗ್ಗ ಮುಟ್ಟಿದರೆ ಊರೆಲ್ಲ ಒಂದು ಮಾಡುತ್ತಿದ್ದನಂತೆ.

ಊರಾಚೆ ಚಿಪ್ಪಿ ಹೆಕ್ಕುವ ಜನ ಇದ್ದರು. ನೀರಿಳಿದಾಗ ಅಳಿವೆಯ ಮರಳದಿಬ್ಬಕ್ಕೆ ನಡೆದುಹೋಗಿ, ನೀರೇರುವ ಮೊದಲು ಬುಟ್ಟಿ ತುಂಬಿಕೊಂಡು ಬರುವುದೇ ಅವರ ಬದುಕು. ಗುಡಿಗೂ ಹೋದವರಲ್ಲ, ಮಸೀದಿಗೂ ಹೋದವರಲ್ಲ, ಇಗರ್ಜಿಗೂ ಬಂದವರಲ್ಲ. ನಿಮ್ಮ ದೇವರು ಯಾರು ಅಂತ ಕೇಳಿದರೆ ನಗುತ್ತಿದ್ದರಂತೆ. ಪಾದ್ರಿ ಒಮ್ಮೆ ಅವರ ಕೇರಿಗೇ ಹೋಗಿ ಉದ್ದಾನುದ್ದ ಉಪದೇಶ ಮಾಡಿದರು. ಅವರು ಚಿಪ್ಪಿ ಬೇಯಿಸಿ ಕೊಟ್ಟರು, ಎಲ್ಲ ಕೇಳಿಸಿಕೊಂಡರು, ಮರುದಿನ ಯಥಾಪ್ರಕಾರ ದಿಬ್ಬಕ್ಕೆ ಹೋದರು.

ಅವರಲ್ಲಿ ಅಕ್ಕಣಿ ಎಂಬ ಮುದುಕಿ ದಿನಾ ಗಂಟೆಗೋಪುರದ ನೆರಳಲ್ಲಿ ಬುಟ್ಟಿ ಇಳಿಸಿ ಕೂರುತ್ತಿದ್ದಳು. ಕೈತಾನ ದಿನಾ ಗದರಿಸಿ ಎಬ್ಬಿಸುತ್ತಿದ್ದ. ಒಂದು ದಿನ ಅವಳೆಂದಳಂತೆ: "ನಿಮ್ ದೇವ್ರ್ ನಿಮ್ಗೇ ಇರ್ಲಿ ಮಾರಾಯ. ಮಂಜ್ ಕವಿದ್ರೆ ದಡ ಯಾವ್ ಬದಿ ಅಂದೇಳಿ ನಮ್ಗೆ ಹೇಳೂದ್ ನಿನ್ ಗಂಟೆಯೇ." ಕೈತಾನನಿಗೆ ಒಳಗೊಳಗೇ ಖುಷಿಯಾಯಿತು. ಆದರೂ ಅವಳನ್ನು ಎಬ್ಬಿಸಿಯೇ ಕಳಿಸಿದ.

ಆಮೇಲೆ ಶುಭ ಶುಕ್ರವಾರ ಬಂತು. ಯೇಸುಸ್ವಾಮಿ ಸತ್ತ ದಿನ ಗಂಟೆ ಬಾಯಿ ಬಿಡಬಾರದು. ಮರದ ಹಲಗೆ ಬಡಿದು ಜನರನ್ನು ಕರೆಯುವುದು ಪದ್ಧತಿ. ಕೈತಾನ ಹಿಂದಿನ ದಿನವೇ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಕಟ್ಟಿದ್ದ. ಬೆಳಿಗ್ಗೆ ಹಲಗೆ ಹಿಡಿದು ಗೋಪುರ ಹತ್ತಿ ನೋಡುತ್ತಾನೆ, ಹೊಳೆಯಿಲ್ಲ, ಕಡಲಿಲ್ಲ, ಬರೀ ಮಂಜು. ಕೆಳಗೆ ನೀರೇರುವ ಸದ್ದು. ಚಿಪ್ಪಿಯವರು ದಿಬ್ಬದ ಮೇಲಿದ್ದಾರೆ. ಈ ಶುಕ್ರವಾರದ ಸಂಗತಿ ಅವರಿಗೆ ಯಾರು ಹೇಳಿದ್ದರು? ಪಾಪ, ಗಂಟೆಗೆ ಕಾಯುತ್ತಿರುತ್ತಾರೆ. ಕೈತಾನ ಜೋರಾಗಿ ಹಲಗೆ ಬಡಿದ. ಆ ಸದ್ದು ಇಗರ್ಜಿಯ ಅಂಗಳವನ್ನೂ ದಾಟಲಿಲ್ಲ. 

ಕಟ್ಟು ಬಿಚ್ಚಿದರೆ ಪಾಪ, ಬಿಚ್ಚದಿದ್ದರೆ ಕೊಲೆ. ಬಟ್ಟೆ ಕಿತ್ತೆಸೆದು ಹಗ್ಗ ಜಗ್ಗಿಯೇ ಜಗ್ಗಿದ.

ಊರಿಗೆ ಊರೇ ಬೈಯುತ್ತ ಓಡಿಬಂತಂತೆ. ಪಾದ್ರಿ ಕೆಂಡಾಮಂಡಲವಾಗಿ ಏಣಿ ಹತ್ತಿದರು.

"ಪದ್ರಾಬ, ಆಮೇಲೆ ನನಗೆ ಹೊಡೀರಿ. ಈಗ ಸ್ವಲ್ಪ ಕಿವಿ ಕೊಡಿ," ಎಂದು ಪಾದ್ರಿಗೆ ಹೇಳಿ ಕೈತಾನ ಹಗ್ಗ ಬಿಟ್ಟ.

ಮಂಜಿನೊಳಗಿಂದ ಅಕ್ಕಣಿಯ ಕೂಗು ಬಂತು: "ಹೊಡಿ ಮಾರಾಯ, ನಿಲ್ಸ್‌ಬೇಡ!"

ಪಾದ್ರಿ ನಿಲುವಂಗಿ ಸೊಂಟಕ್ಕೆ ಸಿಕ್ಕಿಸಿ ತಾವೂ ಹಗ್ಗ ಹಿಡಿದರಂತೆ.

ಎದೆಮಟ್ಟದ ನೀರಿನಲ್ಲಿ, ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಚಿಪ್ಪಿಯವರು ಒಬ್ಬೊಬ್ಬರಾಗಿ ಬಂದರು. ಒಬ್ಬರೂ ಕಡಿಮೆಯಾಗಲಿಲ್ಲ! ಬೈಯುತ್ತ ಬಂದವರೇ ನೀರಿಗಿಳಿದು ಕೈಹಿಡಿದು ಎಳೆದರಂತೆ. ಉಪವಾಸದ ಗಂಜಿ ಹಂಡೆಯಲ್ಲಿ ಕುದಿಯುತ್ತಿತ್ತು. ತಾವು ಕುಡಿಯುವ ಮೊದಲು ಅವರಿಗೆ ಬಡಿಸಿದರು. ಕೈತಾನ ಅಕ್ಕಣಿಯನ್ನು ಗೋಪುರದ ಬುಡದಲ್ಲೇ ಕೂರಿಸಿ, ಗೊಳೋ ಎಂದು ಅಳುತ್ತ ಗಂಜಿ ಕೊಟ್ಟನಂತೆ.

ಅವರೆಲ್ಲ ಕ್ರೈಸ್ತರಾದರಾ ಅಂತ ಕೇಳುತ್ತೀರಿ, ಗೊತ್ತು. ಇಲ್ಲಪ್ಪ. ಅವರು ಇಂದಿಗೂ ಅವರೇ, ಕೇಳಿದರೆ ನಗುವವರೇ. ಆದರೆ ಆ ಊರಲ್ಲಿ ಮಂಜು ಬಿದ್ದರೆ ಶುಭ ಶುಕ್ರವಾರವೂ ಗಂಟೆ ಬಾರಿಸುತ್ತಾರೆ. ಯೇಸುಸ್ವಾಮಿ ಮತ್ತೆ ಎದ್ದ ಪಾಸ್ಕ ಹಬ್ಬದ ಬೆಳಿಗ್ಗೆಯಂತೂ ಪಾದ್ರಿಯಿಂದ ಹಿಡಿದು ಎಲ್ಲರೂ ಹೊಸ ಬಟ್ಟೆ ಉಟ್ಟು ಅಂಗಳದಲ್ಲಿ ಕಾಯುತ್ತಾರೆ. ಚಿಪ್ಪಿಯವರ ಕೇರಿಯಿಂದ ಯಾರಾದರೂ ಒದ್ದೆ ಕಾಲಲ್ಲೇ ಬಂದು ಹಗ್ಗ ಜಗ್ಗುವವರೆಗೆ ಅಲ್ಲಿ ಹಬ್ಬ ಶುರುವಾಗುವುದಿಲ್ಲ.