ನೆಟ್ಟಗಾಗದ ಬೆನ್ನು

"ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತದವನಿಗೆ ಮತ್ತೆ ಮತ್ತೆ ಹೇಳಿಕೊಡುವುದರಿಂದ ಯಾರಿಗೆ ಏನು ಲಾಭ, ಗುರುಗಳೇ?"

ಕೇಳಿದವನು ಮಠದ ಹಿರಿಯ ಶಿಷ್ಯ ಚೆನ್ನಮಲ್ಲ. ಅವನ ಮನಸ್ಸಿನಲ್ಲಿದ್ದವನು ಕೆಂಚಪ್ಪ. ಕೆಂಚಪ್ಪ ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಮೊದಲ ವರ್ಷದ ಪಾಠವೇ ಅವನಿಗೆ ಇನ್ನೂ ಬಾಯಿಗೆ ಬಂದಿರಲಿಲ್ಲ. ಆದರೂ ಗುರುಗಳು ದಿನಾ ಬೆಳಿಗ್ಗೆ ಅವನನ್ನು ಎದುರಿಗೆ ಕೂರಿಸಿಕೊಂಡು ಅದೇ ಪಾಠವನ್ನು ಮೊದಲಿನಿಂದ ಹೇಳಿಕೊಡುತ್ತಿದ್ದರು. ಚೆನ್ನಮಲ್ಲ ಮೂರೇ ವರ್ಷದಲ್ಲಿ ಎಲ್ಲವನ್ನೂ ಕಲಿತು ಮುಗಿಸಿದ್ದವನು. ಹೊಸದಾಗಿ ಮಠ ಸೇರಬೇಕೆಂದು ಬಂದ ಇಬ್ಬರು ಎರಡು ದಿನದಿಂದ ಜಗಲಿಯ ಮೇಲೆ ಕಾದಿದ್ದರು. ಒಳಗೆ ಜಾಗವಿರಲಿಲ್ಲ. ಕೆಂಚಪ್ಪನನ್ನು ಊರಿಗೆ ಕಳಿಸಿಬಿಟ್ಟರೆ ಎಲ್ಲರಿಗೂ ಅನುಕೂಲ ಎಂದು ಚೆನ್ನಮಲ್ಲನಿಗೆ ಅನ್ನಿಸಿತ್ತು. ಅದನ್ನೂ ಬಾಯಿಬಿಟ್ಟು ಹೇಳಿದ.

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಲಾಭದ ಮಾತು ಇರಲಿ. ನಿನಗೆ ಒಬ್ಬ ವೈದ್ಯನ ಕತೆ ಹೇಳುತ್ತೇನೆ, ಕೂತುಕೋ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಜ್ವರಕ್ಕೋ ಕೆಮ್ಮಿಗೋ ಮದ್ದು ಕೊಡುವವನಲ್ಲ. ಬೆನ್ನು, ಸೊಂಟ, ಕುತ್ತಿಗೆ, ಇಷ್ಟೇ ಅವನ ವಿದ್ಯೆ. ಉಳುಕು ತೆಗೆಯುತ್ತಿದ್ದ, ಜರುಗಿದ ಮೂಳೆಯನ್ನು ಅದರ ಜಾಗಕ್ಕೆ ಕೂರಿಸುತ್ತಿದ್ದ. ಜನ ಅವನನ್ನು ಪಂಡಿತರು ಎಂದು ಕರೆಯುತ್ತಿದ್ದರು. ಗಾಡಿಯಲ್ಲಿ ಮಲಗಿಕೊಂಡು ಬಂದವರು ವಾಪಸು ಹೋಗುವಾಗ ಗಾಡಿಯ ಪಕ್ಕದಲ್ಲಿ ನಡೆದುಕೊಂಡು ಹೋಗುತ್ತಿದ್ದರು.

ಅವನಿಗೊಂದು ಉಪಾಯ ಗೊತ್ತಿತ್ತು. ನೋವಿರುವವನು ಹೆದರಿ ಮೈಯನ್ನು ಬಿಗಿಹಿಡಿದುಕೊಂಡಿರುತ್ತಾನೆ. ಬಿಗಿಹಿಡಿದ ಮೈಯಲ್ಲಿ ಮೂಳೆ ಅಲುಗುವುದಿಲ್ಲ. ಅದಕ್ಕೆ ವೈದ್ಯ ಬೆನ್ನಿನ ಮೇಲೆ ಕೈಯಿಟ್ಟು ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಕೇಳುತ್ತಿದ್ದ. ರೋಗಿ ಉತ್ತರ ಹುಡುಕುವಷ್ಟರಲ್ಲಿ ಮೈ ಸಡಿಲವಾಗುತ್ತಿತ್ತು. ಲಟಿಕೆ ಮುರಿದ ಹಾಗೆ ಒಂದು ಸದ್ದು ಕೇಳಿಸುತ್ತಿತ್ತು. ಕೆಲಸ ಮುಗಿಯುತ್ತಿತ್ತು.

ಒಂದು ದಿನ ವೈದ್ಯ ತೀರಿಕೊಂಡ. ಬೆಳಿಗ್ಗೆ ಮುಖ ತೊಳೆದು, ಎಣ್ಣೆಯ ಬಟ್ಟಲನ್ನು ಬಿಸಿಲಿಗಿಟ್ಟು, ಗೋಡೆಗೆ ಒರಗಿ ಕುಳಿತವನು ಮತ್ತೆ ಏಳಲಿಲ್ಲ. ಮಕ್ಕಳಿಲ್ಲದ ಮನುಷ್ಯ. ಆದರೂ ಮಧ್ಯಾಹ್ನದ ಹೊತ್ತಿಗೆ ಸುತ್ತಲ ಊರುಗಳ ಜನವೆಲ್ಲ ಅವನ ಮನೆಯ ಮುಂದೆ ಸೇರಿತು.

"ಅಷ್ಟೊಂದು ನೆಟ್ಟನೆಯ ಬೆನ್ನುಗಳು ಒಂದೇ ಕಡೆ ಸೇರಿದ್ದು ಅದೇ ಮೊದಲಿರಬೇಕು" ಎಂದು ಗುರುಗಳು ನಡುವೆ ನಕ್ಕರು. ಚೆನ್ನಮಲ್ಲನೂ ಸ್ವಲ್ಪ ನೆಟ್ಟಗೆ ಕುಳಿತ.

ಸಾವಿನ ಮನೆಯಲ್ಲಿ ಮೊದಲು ಅಳು, ಆಮೇಲೆ ಮಾತು. ಚಟ್ಟಕ್ಕೆ ಬಿದಿರು ತರಲು ಹೋದವರು ಬರುವ ತನಕ ಜನ ಪಂಡಿತರನ್ನು ನೆನೆಯುತ್ತ ಕುಳಿತರು.

ಒಬ್ಬ ವ್ಯಾಪಾರಿ ಹೇಳಿದ: "ನನ್ನ ಸೊಂಟ ಹಿಡ್ಕೊಂಡಿತ್ತು. ಬೆಳಿಗ್ಗೆ ಏನು ಸಾರು ಅಂತ ಕೇಳಿದ್ರು. ಅವರೆಕಾಳು ಅಂದೆ. ಅವರೆ ಅನ್ನೋವಾಗ ನೋವಿತ್ತು, ಕಾಳು ಅನ್ನೋವಾಗ ಇರ್ಲಿಲ್ಲ."

ಒಬ್ಬ ಪೈಲ್ವಾನ ಹೇಳಿದ: "ನನ್ನನ್ನ ಕೇಳಿದ್ದು, ಲೋಕದಲ್ಲಿ ನೀನು ಯಾರಿಗೆ ಹೆದರ್ತೀಯ ಅಂತ. ಯಾರಿಗೂ ಇಲ್ಲ ಅನ್ಬೇಕು ಅಂತ ಬಾಯಿ ತೆಗೆದೆ. ಬಾಗ್ಲಲ್ಲಿ ನನ್ನ ಹೆಂಡ್ತಿ ನಿಂತಿದ್ಲು. ಏನು ಹೇಳೋದಪ್ಪ ಅಂತ ಯೋಚ್ನೆ ಮಾಡ್ತಿದ್ದ ಹಾಗೇ ಕತ್ತು ಸರಿ ಮಾಡ್ಬಿಟ್ರು."

ಎಲ್ಲರೂ ನಕ್ಕರು. ನಕ್ಕಿದ್ದಕ್ಕೆ ನಾಚಿ ಕಣ್ಣೊರೆಸಿಕೊಂಡರು.

ಒಬ್ಬ ಮುದುಕಿ ಹೇಳಿದಳು: "ಮದ್ವೇಲಿ ಯಾವ ಬಣ್ಣದ ಸೀರೆ ಉಟ್ಟಿದ್ದೆ ಅವ್ವಾ ಅಂದ್ರು. ಅದನ್ನ ಕೇಳೋರೇ ಇರ್ಲಿಲ್ಲ ನನಗೆ. ಬೆನ್ನು ಸರಿಹೋದ್ಮೇಲೂ ನಾನು ಹೇಳ್ತಾನೇ ಇದ್ದೆ. ಹೊರಗಡೆ ಅಷ್ಟು ಜನ ಕಾಯ್ತಿದ್ರೂ ಕೂತು ಕೇಳಿದ್ರು, ಮಾರಾಯ."

ಹೀಗೆ ಒಬ್ಬೊಬ್ಬರದೂ ಒಂದೊಂದು. ಅಷ್ಟರಲ್ಲಿ ಬಿದಿರು ಬಂತು, ಚಟ್ಟ ಸಿದ್ಧವಾಯಿತು. ಈಗ ಹೆಗಲು ಕೊಡುವವರು ಯಾರು ಎಂಬ ಜಗಳ ಎದ್ದಿತು. ಬೇಕಾದದ್ದು ನಾಲ್ಕು ಹೆಗಲು. ಮುಂದೆ ಬಂದದ್ದು ನಲವತ್ತು. ಈ ಬೆನ್ನನ್ನು ನೆಟ್ಟಗೆ ಮಾಡಿದವರು ಅವರು, ಅವರನ್ನು ಹೊರಬೇಕಾದದ್ದು ಇದೇ ಬೆನ್ನು ಎಂದು ಎಲ್ಲರದೂ ಒಂದೇ ವಾದ. ಕೊನೆಗೆ ಸ್ಮಶಾನದವರೆಗೆ ಸರದಿಯ ಮೇಲೆ ಹೊರುವುದೆಂದು ತೀರ್ಮಾನವಾಯಿತು.

ಆಗ ಗೋಡೆಯ ಬದಿಯಿಂದ ಒಬ್ಬ ನೇಕಾರ ಮುಂದೆ ಬಂದ. "ನಾನೂ ಒಂದು ಕಡೆ ಹೆಗಲು ಕೊಡ್ತೀನಿ" ಎಂದ.

ಎಲ್ಲರೂ ಅವನ ಬೆನ್ನಿನ ಕಡೆ ನೋಡಿದರು. ನೇಕಾರನ ಬೆನ್ನು ಚಿಕ್ಕಂದಿನಿಂದಲೇ ಬಾಗಿತ್ತು. ನಡೆಯುವಾಗ ಅವನಿಗೆ ನೆಲ ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಪ್ರತಿ ಸೋಮವಾರ ಅವನು ವೈದ್ಯನ ಮನೆಗೆ ಬಂದಿದ್ದ. ಹೇಗೆ ಬಂದಿದ್ದನೋ ಹಾಗೆಯೇ ಬಾಗಿಕೊಂಡು ವಾಪಸು ಹೋಗಿದ್ದ. ಅದು ಊರಿಗೆಲ್ಲ ಗೊತ್ತಿತ್ತು.

ವ್ಯಾಪಾರಿ ಮೆತ್ತಗೆ ಹೇಳಿದ: "ಬೇಡಪ್ಪಾ. ನಿನ್ನ ಹೆಗಲು ನಮ್ಮ ಎದೆಗೆ ಬರುತ್ತೆ. ಚಟ್ಟ ಒಂದು ಕಡೆಗೆ ವಾಲಿದ್ರೆ ಏನು ಗತಿ? ನೀನು ಪಕ್ಕದಲ್ಲಿ ಕೈ ಹಚ್ಕೊಂಡು ಬಾ, ಸಾಕು."

ಪೈಲ್ವಾನನಿಗೆ ಮೆತ್ತಗೆ ಮಾತಾಡಿ ರೂಢಿಯಿರಲಿಲ್ಲ. "ಪಂಡಿತ್ರ ಕೈ ಸೋತಿದ್ದು ನಿನ್ನ ಒಬ್ಬನ ಹತ್ರ. ಅದನ್ನ ಇವತ್ತು ಊರೆಲ್ಲಾ ಮೆರವಣಿಗೆ ಮಾಡ್ಬೇಕಾ?" ಎಂದುಬಿಟ್ಟ.

ನೇಕಾರನಿಗೆ ನೋವಾಯಿತು. ಆದರೆ ಅವನು ಹಿಂದೆ ಸರಿಯಲಿಲ್ಲ. ಇವತ್ತು ಹೊರದಿದ್ದರೆ ಮುಂದೆ ಹೊರುವ ದಿನವಿಲ್ಲ ಎಂದು ಅವನಿಗೆ ಗೊತ್ತಿತ್ತು. "ಕೈ ಹಚ್ಚಿದ್ದು ಬೇಕಾದಷ್ಟು ಆಗಿದೆ ಯಜಮಾನ್ರೇ. ಇವತ್ತು ಭಾರ ಹೊರ್ಬೇಕು" ಎಂದ.

ಆ ಮಾತು ಯಾರಿಗೂ ಅರ್ಥವಾಗಲಿಲ್ಲ. ಮುದುಕಿ ಕೇಳಿದಳು: "ಪಂಡಿತ್ರು ನಿನ್ನನ್ನ ಏನು ಕೇಳ್ತಿದ್ರಪ್ಪಾ?"

"ನನ್ನನ್ನ ಏನೂ ಕೇಳ್ತಿರ್ಲಿಲ್ಲ ಅವ್ವಾ. ಇದು ನೆಟ್ಟಗಾಗಲ್ಲ ಕಣಪ್ಪ, ಎಣ್ಣೆ ಹಚ್ಚಿ ನೀವಿದ್ರೆ ಎರಡು ದಿನ ನೋವು ಕಮ್ಮಿ ಇರುತ್ತೆ, ಸೋಮವಾರ ಸೋಮವಾರ ಬಾ ಅಂತ ಮೊದಲ್ನೇ ದಿನಾನೇ ಹೇಳಿದ್ರು. ಬಂದೆ. ನೀವೋರು. ನೀವಿ ಆದ್ಮೇಲೆ ಅದೇ ಚಾಪೆ ಮೇಲೆ ಅವ್ರು ಬೋರಲು ಮಲಗೋರು. ನಾನು ಅವ್ರ ಬೆನ್ನು ನೀವ್ತಿದ್ದೆ."

"ಪಂಡಿತ್ರಿಗೆ ಬೆನ್ನು ನೋವಿತ್ತಾ?" ವ್ಯಾಪಾರಿ ಕೇಳಿದ.

ಉತ್ತರ ಹೊಸಿಲಿನ ಒಳಗಿಂದ ಬಂತು. ಅಲ್ಲಿ ವೈದ್ಯನ ಹೆಂಡತಿ ಕುಳಿತಿದ್ದಳು. "ಮೂವತ್ತು ವರ್ಷದಿಂದ ಇತ್ತು" ಎಂದಳು. "ನಿಮ್ಮೆಲ್ಲರ ಮೇಲೆ ಬಗ್ಗೀ ಬಗ್ಗೀ ಬಂದದ್ದು. ನನ್ನ ಕೈಗೆ ಬಲ ಸಾಲ್ತಿರ್ಲಿಲ್ಲ. ಇವನದು ಮಗ್ಗ ಬಡಿದ ಕೈ. ವಾರಕ್ಕೆ ಅದೊಂದು ರಾತ್ರಿ ಅವ್ರು ನರಳದೆ ಮಲಗ್ತಿದ್ದದ್ದು."

ನಲವತ್ತು ಜನ ತಲೆ ತಗ್ಗಿಸಿ ನಿಂತರು. ಅಷ್ಟು ವರ್ಷ ವೈದ್ಯ ಅವರನ್ನೆಲ್ಲ ಒಂದೊಂದು ಪ್ರಶ್ನೆ ಕೇಳಿದ್ದ. ಮನೆಯಲ್ಲಿ ಏನು ಸಾರು ಎಂದು ಅವನನ್ನು ಯಾರೂ ತಿರುಗಿ ಕೇಳಿರಲಿಲ್ಲ. ಬೆನ್ನು ಸರಿಯಾದ ಕೂಡಲೇ ಎದ್ದು ಮೈ ಕೊಡವಿ ಮನೆಗೆ ಹೋಗಿದ್ದರು. ವಾಸಿಯಾದವರು ಮಾಡುವುದೇ ಅದು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ಹೊತ್ತಿಗೆ ಅದು ಅವರಿಗೆ ಬಹಳ ದೊಡ್ಡ ತಪ್ಪಾಗಿ ಕಂಡಿತು.

ಪೈಲ್ವಾನ ಹೋಗಿ ನೇಕಾರನ ಕೈ ಹಿಡಿದುಕೊಂಡ. ಕರೆತಂದು ಚಟ್ಟದ ಮುಂದಿನ ತುದಿಯಲ್ಲಿ ನಿಲ್ಲಿಸಿ, ತಾನು ಅವನ ಪಕ್ಕದಲ್ಲಿ ನಿಂತ. ನಾಲ್ವರೂ ಹೆಗಲು ಕೊಟ್ಟು ಎತ್ತಿದರು. ವ್ಯಾಪಾರಿ ಹೇಳಿದ್ದು ಸುಳ್ಳಾಗಲಿಲ್ಲ. ಚಟ್ಟ ನೇಕಾರನ ಕಡೆಗೆ ವಾಲಿತು. ಹೆಣ ಜಾರಿತು. ಹೆಂಗಸರು ಕಿರುಚಿಕೊಂಡರು.

ನೇಕಾರ ಮೇಲಕ್ಕೇಳುವ ಹಾಗಿರಲಿಲ್ಲ. ಪೈಲ್ವಾನ ಅವನನ್ನು ಒಂದು ಸಲ ನೋಡಿದ. ಆಮೇಲೆ ತಾನೇ ಸೊಂಟ ಬಗ್ಗಿಸಿದ. ನೇಕಾರನ ಹೆಗಲು ಎಷ್ಟು ಎತ್ತರದಲ್ಲಿತ್ತೋ ಅಷ್ಟಕ್ಕೆ ತನ್ನ ಹೆಗಲನ್ನು ಇಳಿಸಿದ. ಹಿಂದಿದ್ದ ಇಬ್ಬರೂ ಬಗ್ಗಿದರು. ಚಟ್ಟ ಸಮವಾಯಿತು. ಹಾಗೆಯೇ ಬಾಗಿಕೊಂಡು ನಾಲ್ವರೂ ಹೊರಟರು.

ಸ್ಮಶಾನ ದೂರವಿತ್ತು. ದಾರಿಯಲ್ಲಿ ಸರದಿ ಬದಲಾಯಿತು. ಬಂದವರೆಲ್ಲ ಮೊದಲು ಬಗ್ಗಿ ಆಮೇಲೆ ಹೆಗಲು ಕೊಟ್ಟರು. ನೇಕಾರ ಮಾತ್ರ ಬದಲಾಗಲಿಲ್ಲ. ಯಾರೂ ಬಿಡು ಎನ್ನಲಿಲ್ಲ. ಅರ್ಧ ದಾರಿಯಲ್ಲಿ ನೇಕಾರನ ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ವ್ಯಾಪಾರಿ ಏದುಸಿರು ಬಿಡುತ್ತ, "ಸೊಂಟ ಮತ್ತೆ ಹಿಡ್ಕೊಳ್ತು ಕಣ್ರಯ್ಯ, ನಾಳೆ ಬೆಳಿಗ್ಗೆನೇ ಪಂಡಿತ್ರ ಹತ್ರ ಹೋಗ್ಬೇಕು" ಎಂದ. ಒಂದಿಬ್ಬರು ನಕ್ಕರು. ಆಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ತಿಳಿಯಿತು. ಚಟ್ಟದ ಕೆಳಗೆ ಬಾಗಿಕೊಂಡೇ ಅವನು ಮಗುವಿನ ಹಾಗೆ ಅತ್ತ. ಬೆಳಿಗ್ಗೆಯಿಂದ ಅತ್ತಿದ್ದೆಲ್ಲ ಬೇರೆ, ಆ ಅಳುವೇ ಬೇರೆ. ನೇಕಾರ ಒಂದು ಕೈಯಲ್ಲಿ ಬಿದಿರನ್ನು ಹಿಡಿದುಕೊಂಡು ಇನ್ನೊಂದು ಕೈಯನ್ನು ಅವನ ಸೊಂಟದ ಮೇಲಿಟ್ಟ. ಸ್ಮಶಾನ ಬರುವ ತನಕ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನಮಲ್ಲ ಹೇಳಿದ: "ನೇಕಾರನ ಕೈಯಲ್ಲಿ ಬಲವಿತ್ತು, ವೈದ್ಯನಿಗೆ ಅದರಿಂದ ಉಪಕಾರವಾಯಿತು. ಅದು ಸರಿ. ಆದರೆ ಕೆಂಚಪ್ಪನಿಗೆ ಯಾವ ವಿದ್ಯೆಯೂ ಇಲ್ಲ. ಅವನಿಂದ ನಿಮಗೇನು ಸಿಕ್ಕಿದೆ, ಗುರುಗಳೇ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಪಾಠ ಮುಗಿದ ಮೇಲೆ ನಿಮಗೆ ದಣಿವಾಯಿತೇ ಎಂದು ಅವನು ನನ್ನನ್ನು ದಿನವೂ ಕೇಳುತ್ತಾನೆ, ಚೆನ್ನಮಲ್ಲ, ನೀನು ಒಂದು ದಿನವೂ ಕೇಳಲಿಲ್ಲ."