ಮಡಿಸಿಟ್ಟ ರೆಕ್ಕೆ

“ಗುರುಗಳೇ, ನಮ್ಮ ನೋವು ಒಡಹುಟ್ಟಿದವರ ಕಣ್ಣಿಗೇ ಕಾಣದಿದ್ದರೆ ಅವರನ್ನು ನಮ್ಮವರೆಂದು ಹೇಗೆ ತಿಳಿಯುವುದು?” ಎಂದು ಶಿಷ್ಯ ನಿರ್ವಾಣಯ್ಯ ಕೇಳಿದ.

ಅವನಿಗೆ ತಿಂಗಳಿಂದ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಸೋಮವಾರ ಅವನ ಅಣ್ಣ ಆಶ್ರಮಕ್ಕೆ ಬಂದು, ತಮ್ಮನ ಎದುರಿಗೇ ಕುಳಿತು ಪ್ರಸಾದ ಉಂಡು, ಕುಶಲ ವಿಚಾರಿಸಿ ಹೋಗಿದ್ದ. ಇನ್ನು ಆ ಅಣ್ಣನ ಹೊಸ್ತಿಲು ತುಳಿಯುವುದಿಲ್ಲ ಎಂದು ನಿರ್ವಾಣಯ್ಯ ನಿಶ್ಚಯಿಸಿದ್ದ.

ತೀರ್ಮಾನ ಮಾಡಿಕೊಂಡ ಮೇಲೆ ಪ್ರಶ್ನೆ ಕೇಳಲು ಬಂದಿದ್ದೀಯೆ, ಇರಲಿ, ಕೇಳು ಎಂದು ಗುರುಗಳು ಹೇಳತೊಡಗಿದರು.

ಕಾಡು ಕವಿದ ಬೆಟ್ಟಗಳಿಗೆ ಇಬ್ಬರು ಗೆಳೆಯರು ಪ್ಯಾರಾಗ್ಲೈಡಿಂಗ್ ಮಾಡಲು ಹೋದರು. ಹಿರಿಯನು ವಿದ್ಯೆ ಕಲಿಸಿದವನು, ಕಿರಿಯನು ಅವನಿಂದಲೇ ಕಲಿತವನು. ಹಿರಿಯನಿಗೆ ಬಟ್ಟೆಯ ರೆಕ್ಕೆ, ಅದರ ದಾರಗಳು, ಬೀಸುವ ಗಾಳಿ, ಇಷ್ಟೇ ಸಾಕು. ಕಿರಿಯನು ಈಚೆಗೆ ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಹಾರುತ್ತಿದ್ದ. ಗಾಳಿ ಕೈಕೊಟ್ಟರೂ ಅವನ ಫ್ಯಾನು ಕೈಬಿಡುತ್ತಿರಲಿಲ್ಲ. ಹಿರಿಯನಿಗೆ ಅದನ್ನು ಕಂಡರಾಗದು. ಬಂದನಪ್ಪ ಹಿಟ್ಟಿನ ಗಿರಣಿ ಹೊತ್ತುಕೊಂಡು ಎಂದು ಹತ್ತು ಜನರೆದುರು ಆಡಿಕೊಳ್ಳುತ್ತಿದ್ದ. ಕಿರಿಯನು ನಕ್ಕು ಸುಮ್ಮನಾಗುತ್ತಿದ್ದ. ವಿದ್ಯೆ ಕೊಟ್ಟವನಿಗೆ ಎದುರಾಡುವುದುಂಟೆ?

ಈ ಹಾರಾಟದವರಲ್ಲಿ ಒಂದು ಕಟ್ಟಳೆಯುಂಟು. ನೆಲಕ್ಕಿಳಿದವನು ಕೂಡಲೇ ರೆಕ್ಕೆಯನ್ನು ಮಡಿಸಿಡಬೇಕು. ಮಡಿಸಿದ್ದು ಕಂಡರೆ ಮೇಲಿನವನು ಕ್ಷೇಮವೆಂದು ತಿಳಿದು ಮುಂದೆ ಹೋಗುತ್ತಾನೆ. ರೆಕ್ಕೆ ಹಾಸಿದಂತೆಯೇ ಬಿದ್ದಿದ್ದರೆ, ಕೆಳಗಿನವನಿಗೆ ಏನೋ ಆಗಿದೆ, ನೆರವಿಗೆ ಇಳಿಯಬೇಕು ಎಂದರ್ಥ. ಕಿರಿಯನಿಗೆ ಮೊದಲ ದಿನವೇ ಇದನ್ನು ಹೇಳಿಕೊಟ್ಟವನು ಹಿರಿಯನೇ.

ಅಂದು ಬೆಳಿಗ್ಗೆ ಕಿರಿಯನು, ಮಧ್ಯಾಹ್ನದ ಹೊತ್ತಿಗೆ ಗಾಳಿ ಬೀಳುವಂತಿದೆ, ಎರಡನೆಯ ಬೆಟ್ಟ ದಾಟುವುದು ಬೇಡ ಎಂದ. ಗಾಳಿಯ ಪಾಠವನ್ನು ಗಿರಣಿಯವನಿಂದ ಕಲಿಯಬೇಕೆ ಎಂದು ಹಿರಿಯನು ದಾಟಿಯೇ ಬಿಟ್ಟ. ಗಾಳಿ ಬಿತ್ತು. ಮರಗಳ ನಡುವೆ ಇದ್ದ ಒಂದು ತುಂಡು ಬಯಲಿಗೆ ಅವನು ಬಂದಿಳಿದ. ಕಾಲು ಕಲ್ಲಿಗೆ ಬಡಿದು ಬಲಪಾದದ ಕೀಲು ಮುರಿಯಿತು.

ರೆಕ್ಕೆ ಹಿಂದೆ ಅಗಲಕ್ಕೆ ಹಾಸಿಕೊಂಡಿತ್ತು. ಅದನ್ನು ಹಾಗೆಯೇ ಬಿಟ್ಟು ಕುಳಿತಿದ್ದರೆ ಸಾಕಿತ್ತು. ಅಷ್ಟರಲ್ಲಿ ಎಂಜಿನ್ನಿನ ಸದ್ದು ಕೇಳಿಸಿತು. ಕಾಲಿಗಿಂತ ಆ ಸದ್ದೇ ಅವನನ್ನು ಹೆಚ್ಚು ನೋಯಿಸಿತು. ಗಿರಣಿ ಬಂದು ನನ್ನನ್ನು ಉಳಿಸಬೇಕೆ? ನಾಳೆ ನಾಲ್ಕು ಜನ ನಗುವುದಿಲ್ಲವೆ? ಹಲ್ಲು ಕಚ್ಚಿಕೊಂಡು ತೆವಳಿ, ರೆಕ್ಕೆಯನ್ನು ಬಾಚಿ ಮಡಿಸಿದ. ಬೆನ್ನು ನೆಟ್ಟಗೆ ಮಾಡಿಕೊಂಡು ಅದರ ಪಕ್ಕದಲ್ಲಿ ಕುಳಿತ.

ಕಿರಿಯನು ತಗ್ಗಿ ಬಂದು ಎರಡು ಸುತ್ತು ಹಾಕಿದ. ಹಿರಿಯನು ಹೋಗು ಹೋಗು ಎಂದು ಕೈಬೀಸಿದ. ನಡೆದೇ ಬರುತ್ತಾನೆ ಎಂದುಕೊಂಡು ಕಿರಿಯನೂ ಕೈಬೀಸಿ ಹೋದ.

ಸದ್ದು ಅಡಗಿದ ಮೇಲೆ ಹಿರಿಯನು ಏಳಲು ನೋಡಿದ. ಕಾಲೂರಲಾಗಲಿಲ್ಲ. ಎರಡನೆಯ ಸಲ ಬಿದ್ದಾಗ ಹಮ್ಮು ಇಳಿಯಿತು. ಮಡಿಸಿದ್ದನ್ನು ಬಿಚ್ಚಿ, ಅಂಚಿಗೆಲ್ಲ ಕಲ್ಲಿಟ್ಟು ಹಾಸಿದ. ಆಕಾಶದಲ್ಲಿ ಯಾರೂ ಇರಲಿಲ್ಲ. ಆ ಕಣಿವೆಯಲ್ಲಿ ಫೋನೂ ಹಿಡಿಯದು. ಅಯ್ಯೋ, ನನ್ನ ಕೈಯಾರೆ ನಾನೇ ಕೆಡಿಸಿಕೊಂಡೆನಲ್ಲ ಎಂದು ಅತ್ತ.

ಕಿರಿಯನು ಸಂಜೆಯವರೆಗೂ ದಾರಿ ನೋಡಿ, ಕತ್ತಲಾಗುತ್ತಲೇ ನೆರವು ಹುಡುಕಿ ಹೊರಟ. ಮರುದಿನ ಮಧ್ಯಾಹ್ನ ಜೇನು ಕೀಳುವವರನ್ನು ಕರೆದುಕೊಂಡು ಕಾಡು ಹತ್ತಿ ಬಂದು ಅವನನ್ನು ಹೊತ್ತು ಇಳಿಸಿದ. ಹಿಂದಿನ ದಿನವೇ ತಂದಿದ್ದರೆ ಕಾಲು ಸರಿಹೋಗುತ್ತಿತ್ತು ಎಂದರು ವೈದ್ಯರು. ಹಿರಿಯನ ಹಾರಾಟ ಅಲ್ಲಿಗೆ ಮುಗಿಯಿತು.

ಕಾಡಿನಲ್ಲಿ ಬಂದ ಬುದ್ಧಿ ಆಸ್ಪತ್ರೆಯವರೆಗೂ ಉಳಿಯಲಿಲ್ಲ ನೋಡು. ಎರಡು ಸುತ್ತು ಹಾಕಿ ಕಣ್ಣಾರೆ ಕಂಡ, ಕಂಡೂ ಬಿಟ್ಟುಹೋದ ಎಂದು ಹಿರಿಯನು ಬಂದವರಿಗೆಲ್ಲ ಹೇಳಿದ. ಕಿರಿಯನು ಬಂದಾಗ ಗೋಡೆಯ ಕಡೆ ತಿರುಗಿ ಮಲಗಿದ. ಕಿರಿಯನು ಮಂಚದ ಬಳಿ ನಿಂತು ಹೇಳಿದ:

“ಅಣ್ಣಾ, ರೆಕ್ಕೆ ಮಡಿಸಿತ್ತಲ್ಲ. ನೀವು ಹೇಳಿಕೊಟ್ಟದ್ದನ್ನೇ ನಂಬಿದೆ.”

ಹಿರಿಯನು ಈ ಕಡೆ ತಿರುಗಲಿಲ್ಲ. ಆಮೇಲೆಯೂ ಕಿರಿಯನು ಮೂರು ಸಲ ಅವನ ಬಾಗಿಲಿಗೆ ಬಂದು ಹಿಂದಿರುಗಿದ. ನಾಲ್ಕನೆಯ ಸಲ ಬರಲಿಲ್ಲ. ಈಗ ಆಕಾಶದಲ್ಲಿ ಎಂಜಿನ್ನಿನ ಸದ್ದು ಕೇಳಿದರೆ ಹಿರಿಯನು ಕುಂಟುತ್ತ ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಅದು ದಾಟಿಹೋಗುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಹೇಳಬೇಕಾದಾಗ ಹೇಳದೆ ಆಮೇಲೆ ಪರರನ್ನು ದೂರಿದ ಆ ಹಿರಿಯನಂಥ ಮೂರ್ಖನುಂಟೆ ಎಂದು ನಿರ್ವಾಣಯ್ಯ ಮರುಗಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

“ಸೋಮವಾರ ನಿನ್ನ ಅಣ್ಣ ಹೇಗಿದ್ದೀಯಪ್ಪ ಎಂದು ಎರಡು ಸಲ ಕೇಳಿದನಲ್ಲ, ನೀನು ಏನು ಹೇಳಿದೆ?”