ಗೋಡೆ ಮೇಲಿನ ಪಾಸ್‌ವರ್ಡ್

ಕಂಬಳಿ ನೇಕಾರರ ಸಂಘದ ವೆಬ್‌ಸೈಟಿಗೆ ಎರಡು ಸಲ ಕಳ್ಳರು ನುಗ್ಗಿದ್ದರು. ಆದರೂ ಅಧ್ಯಕ್ಷ ಹಾಲಸಿದ್ದಪ್ಪನವರ ಹುಕುಂ ಒಂದೇ: "ಪಾಸ್‌ವರ್ಡ್ ನನಗ ನೆನಪಿರೂದಿಲ್ಲ. ಎದುರಿನ ಗ್ವಾಡಿ ಮ್ಯಾಲ ದೊಡ್ಡದಾಗಿ ಬರಸು!"

ಗುಮಾಸ್ತೆ ನೀಲವ್ವ ಬೇಡವೆಂದಳು. ಅಧ್ಯಕ್ಷರು ಕಣ್ಣು ಕೆಂಪಗೆ ಮಾಡಿದರು. ಸರಿ, ಬರೆಸಿದಳು, ಸುತ್ತ ಬಳ್ಳಿಯ ಚಿತ್ತಾರ ಸಮೇತ. ಆದರೆ ಅದಕ್ಕೂ ಮೊದಲು ಸೈಟಿನದೊಂದು ನಕಲು ಮಾಡಿಟ್ಟಳು. ಗೋಡೆಯ ಪಾಸ್‌ವರ್ಡ್ ಹಾಕಿದರೆ ತೆರೆಯುತ್ತಿದ್ದುದು ಆ ನಕಲು ಮಾತ್ರ.

ಇದರ ಅರಿವಿಲ್ಲದ ಅಧ್ಯಕ್ಷರು ಆರು ತಿಂಗಳು ಅದರೊಳಗೆ ದಿನಕ್ಕೊಂದು 'ಅಧ್ಯಕ್ಷರ ಅಮೃತವಾಣಿ' ಬರೆದರು. ಒಮ್ಮೆ ಅದೇ ಗೋಡೆಯ ಮುಂದೆ ಅವರಿಗೆ ಸನ್ಮಾನವಾಯಿತು. ಶಾಲು, ಹಾರ, ಪಾಸ್‌ವರ್ಡ್ ಮೂರೂ ಪೇಪರಿನ ಫೋಟೋದಲ್ಲಿ ಸ್ಪಷ್ಟವಾಗಿ ಬಂದವು. ಮೂರೇ ದಿನಕ್ಕೆ ಕಳ್ಳ ಒಳಹೊಕ್ಕು ಎಲ್ಲವನ್ನೂ ಅಳಿಸಿ ಹಾಕಿದ.

"ಸೈಟ್ ಮುಳುಗಿ ಹೋತಲ್ಲೋ!" ಎಂದು ಅಧ್ಯಕ್ಷರು ಎದೆ ಬಡಿದುಕೊಂಡರು.

"ಸೈಟಿಗೇನೂ ಆಗಿಲ್ಲರಿ. ಇವತ್ತೂ ಮೂವತ್ತು ಕಂಬಳಿಗೆ ಆರ್ಡರ್ ಬಂದಾವ" ಎಂದು ನೀಲವ್ವ ನಕಲಿನ ಗುಟ್ಟು ಬಿಚ್ಚಿದಳು.

ಅಧ್ಯಕ್ಷರ ಮುಖ ಹುಳ್ಳಗಾಯಿತು. "ಹಂಗಾರ ನನ್ನ ಅಮೃತವಾಣಿ ಯಾರೂ ಓದಲೇ ಇಲ್ಲೇನು?"

"ಕಳ್ಳ ಒಬ್ಬಾಂವ ಓದ್ಯಾನ್ರಿ. ತಡಕೊಳ್ಳಾಕ ಆಗದ ಅಳಿಸ್ಯಾನ, ಪಾಪ."